ವಿಲೀನವಾಗುತ್ತಿರುವ ಗ್ಯಾಲಕ್ಸಿಗಳಲ್ಲಿ ರೇಡಿಯೋ ಆಕರ ಗುರುತಿಸುವುದು ಹೇಗೆ: ಹವ್ಯಾಸಿ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ಎರಡು ಗ್ಯಾಲಕ್ಸಿಗಳು ಒಂದರೊಳಗೊಂದು ಸೇರಿಕೊಳ್ಳುತ್ತಿರುವ ಚಿತ್ರದ ಮೇಲೆ ರೇಡಿಯೋ ನಕ್ಷೆಯನ್ನು ಹೊದಿಸಿದಾಗ ಹೊಳೆಯುವ ಒಂದು ಮಚ್ಚೆ ಕಾಣಿಸಬಹುದು. ಅದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಅಂಥ ಲಕ್ಷಾಂತರ ಮಚ್ಚೆಗಳನ್ನು ಕಂಪ್ಯೂಟರುಗಳು ಈಗಾಗಲೇ ಪಟ್ಟಿ ಮಾಡಿವೆ. ಮನುಷ್ಯನ ಕಣ್ಣಿಗೆ ಉಳಿದಿರುವುದು ಎರಡು ಪ್ರಶ್ನೆಗಳು. ಆ ರೇಡಿಯೋ ಅಲೆಗಳು ಎರಡರಲ್ಲಿ ಯಾವ ಗ್ಯಾಲಕ್ಸಿಯಿಂದ ಹೊರಟಿವೆ? ಅವನ್ನು ಹುಟ್ಟಿಸುತ್ತಿರುವುದು ನಕ್ಷತ್ರಗಳೋ, ಕಪ್ಪುಕುಳಿಯೋ, ಡಿಕ್ಕಿಯೋ? ಈ ಎರಡಕ್ಕೂ ಪುರಾವೆಯೊಂದಿಗೆ ಉತ್ತರ ಕೊಡುವುದು, ಕೊಡಲಾಗದಿದ್ದರೆ ಏಕೆ ಆಗುವುದಿಲ್ಲ ಎಂದು ಬರೆದಿಡುವುದು, ಇಷ್ಟೇ ಸ್ವಯಂಸೇವಕರ ಕೆಲಸ. ಇದಕ್ಕೆ ದೂರದರ್ಶಕವೂ ಬೇಡ, ಪದವಿಯೂ ಬೇಡ. ಅಂತರಜಾಲ ಸಂಪರ್ಕವಿರುವ ಒಂದು ಕಂಪ್ಯೂಟರ್ ಮತ್ತು ಆತುರಪಡದ ಸ್ವಭಾವ ಸಾಕು.

ಈ ಕೆಲಸ ನಿಜವಾದ ವಿಜ್ಞಾನಕ್ಕೆ ಸೇರುತ್ತದೆಯೇ ಎಂಬ ಅನುಮಾನ ಹೊಸಬರಲ್ಲಿ ಸಹಜ. 2013ರ ಡಿಸೆಂಬರಿನಲ್ಲಿ ಆರಂಭವಾದ ರೇಡಿಯೋ ಗ್ಯಾಲಕ್ಸಿ ಝೂ ಯೋಜನೆಯಲ್ಲಿ ಸ್ವಯಂಸೇವಕರು ಬಾಗಿದ ಬಾಲಗಳಿದ್ದ ದೊಡ್ಡ ರೇಡಿಯೋ ಗ್ಯಾಲಕ್ಸಿಯೊಂದನ್ನು ಜೋಡಿಸಿದರು. ಅದರ ಬೆನ್ನು ಹತ್ತಿದಾಗ ಅಲ್ಲಿಯವರೆಗೆ ಯಾರೂ ಗಮನಿಸದ ಗ್ಯಾಲಕ್ಸಿ ಗುಚ್ಛವೊಂದು ಸಿಕ್ಕಿತು, ಅದಕ್ಕೆ ಇಬ್ಬರು ಸ್ವಯಂಸೇವಕರ ಹೆಸರನ್ನೇ ಇಡಲಾಯಿತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಉದಾಹರಣೆ ರಾಡ್12. ಖಗೋಳವಿಜ್ಞಾನಿ ಆನಂದ ಹೋತಾ ಭಾರತದಲ್ಲಿ ಕಟ್ಟಿದ ರಾಡ್ ಅಟ್ ಹೋಮ್ ಎಂಬ ನಾಗರಿಕ ವಿಜ್ಞಾನ ಬಳಗ ಗುರುತಿಸಿದ ವಿಲೀನದ ಜೋಡಿ ಇದು. ಒಂದು ಗ್ಯಾಲಕ್ಸಿಯ ಕಪ್ಪುಕುಳಿಯಿಂದ ಚಿಮ್ಮಿದ ಜೆಟ್ (ಕಣಗಳ ಕಿರಿದಾದ ಧಾರೆ) ಎದುರಿಗೆ ಬರುತ್ತಿರುವ ಇನ್ನೊಂದು ಗ್ಯಾಲಕ್ಸಿಗೆ ಬಡಿದು, ಸುಮಾರು 137 ಕಿಲೋಪಾರ್ಸೆಕ್, ಅಂದರೆ ನಾಲ್ಕು ಲಕ್ಷ ಜ್ಯೋತಿರ್ವರ್ಷಕ್ಕೂ ಮೀರಿದ ಗುಳ್ಳೆಯಾಗಿ ಹರಡಿದಂತೆ ಅಲ್ಲಿ ಕಾಣಿಸುತ್ತದೆ. ಜೆಟ್‌ಗಳು ಸಾಮಾನ್ಯವಾಗಿ ಎರಡೂ ದಿಕ್ಕಿಗೆ ಹೊರಡುತ್ತವೆ. ಇಲ್ಲಿ ಒಂದೇ ಕಡೆ ಇದೆ. ಅದು ನಿಜಕ್ಕೂ ಒಂದೇ ಬದಿಯ ಜೆಟ್ಟೋ, ವಿಲೀನದ ಆಘಾತದಲ್ಲಿ ಸಿಲುಕಿ ಮತ್ತೆ ಚುರುಕುಗೊಂಡ ಹಳೆಯ ಹಾಲೆಯೋ (ಜೆಟ್‌ನ ತುದಿಯಲ್ಲಿ ಉಬ್ಬಿ ಹರಡಿದ ಮೋಡ) ಎಂಬ ಪ್ರಶ್ನೆಯನ್ನು 2022ರಲ್ಲಿ ಪ್ರಕಟವಾದ ಸಂಶೋಧನಾ ಪತ್ರ ತೆರೆದೇ ಇಟ್ಟಿದೆ.

ಹುಡುಕುವುದು ಏನನ್ನು?

ವಿಲೀನದ ಜೋಡಿಯಲ್ಲಿ ರೇಡಿಯೋ ಬೆಳಕಿಗೆ ಐದು ಮೂಲಗಳಿರಬಹುದು. ಮೊದಲನೆಯದು ನಕ್ಷತ್ರಗಳ ಹುಟ್ಟು. ಅನಿಲದ ಮೋಡಗಳು ಗುದ್ದಾಡಿದಾಗ ಹೊಸ ನಕ್ಷತ್ರಗಳು ದಂಡಿಯಾಗಿ ಹುಟ್ಟುತ್ತವೆ. ಅವುಗಳಲ್ಲಿ ಭಾರವಾದವು ಬೇಗನೆ ಸಿಡಿಯುತ್ತವೆ, ಸಿಡಿತದಿಂದ ವೇಗ ಪಡೆದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಸಿಂಕ್ರೊಟ್ರಾನ್ ವಿಕಿರಣ ಸೂಸುತ್ತವೆ. ಎನ್‌ಜಿಸಿ 4038 ಮತ್ತು 4039 ಸೇರಿದ ಆಂಟೆನಾ ಗ್ಯಾಲಕ್ಸಿಗಳಲ್ಲಿ ಎರಡು ಗ್ಯಾಲಕ್ಸಿಗಳ ತಟ್ಟೆಗಳು ಒಂದರ ಮೇಲೊಂದು ಬೀಳುವ ಜಾಗವೇ ರೇಡಿಯೋದಲ್ಲಿ ಎದ್ದು ಕಾಣುವುದು ಇದರಿಂದಲೇ. ಎರಡನೆಯದು ಕೇಂದ್ರದ ಕಪ್ಪುಕುಳಿಯ ಸುತ್ತಲಿನ ಚಿಕ್ಕ, ಚುಕ್ಕೆಯಂಥ ತಿರುಳು. ಮೂರನೆಯದು ಆ ಕಪ್ಪುಕುಳಿ ಹೊರಗೆಸೆದ ಜೆಟ್ ಮತ್ತು ಅದರ ತುದಿಯ ಹಾಲೆಗಳು. ಏಬೆಲ್ 400 ಗ್ಯಾಲಕ್ಸಿ ಗುಚ್ಛದ 3ಸಿ 75 ಎಂಬ ರೇಡಿಯೋ ಆಕರದಲ್ಲಿ ಹತ್ತಿರ ಹತ್ತಿರವಿರುವ ಎರಡು ಕಪ್ಪುಕುಳಿಗಳಿಂದ ಎರಡು ಜೋಡಿ ಜೆಟ್‌ಗಳು ಹೊರಟು ಹೆಣೆದುಕೊಂಡಂತೆ ಕಾಣುತ್ತವೆ.

ನಾಲ್ಕನೆಯದು ಅಪರೂಪದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೊಗಸಿನದು. ಯುಜಿಸಿ 12914 ಮತ್ತು 12915 ಎಂಬ ಟ್ಯಾಫಿ ಗ್ಯಾಲಕ್ಸಿಗಳು ಮುಖಾಮುಖಿ ಡಿಕ್ಕಿ ಹೊಡೆದು, ಒಂದನ್ನೊಂದು ಹಾದು, ಈಗ ದೂರ ಸರಿಯುತ್ತಿವೆ. ಅವೆರಡರ ನಡುವಿನ ಜಾಗದಲ್ಲಿ ನಕ್ಷತ್ರಗಳು ಬಹಳ ಕಡಿಮೆ. ಆದರೂ ರೇಡಿಯೋ ನಕ್ಷೆಯಲ್ಲಿ ಅಲ್ಲೊಂದು ಸೇತುವೆ ಹೊಳೆಯುತ್ತದೆ. ಡಿಕ್ಕಿಯಲ್ಲಿ ತಟ್ಟೆಗಳಿಂದ ಕಿತ್ತುಬಂದ ಅನಿಲ, ಅದರೊಂದಿಗೆ ಎಳೆದುಬಂದ ಕಾಂತಕ್ಷೇತ್ರ ಮತ್ತು ಎಲೆಕ್ಟ್ರಾನುಗಳು ಅಲ್ಲಿ ಉಳಿದುಕೊಂಡಿವೆ. ಬೆಳಕಿನ ಚಿತ್ರವನ್ನಷ್ಟೇ ನೋಡುವವರಿಗೆ ಆ ಸೇತುವೆಯ ಸುಳಿವೂ ಸಿಗುವುದಿಲ್ಲ.

ಐದನೆಯ ಮೂಲವೆಂದರೆ ಜೋಡಿಗೆ ಸಂಬಂಧವೇ ಇಲ್ಲದ, ಹಿಂದೆಲ್ಲೋ ಇರುವ ದೂರದ ಗ್ಯಾಲಕ್ಸಿ. ಇದನ್ನು ಮರೆತವರು ಬೇಗ ದಾರಿ ತಪ್ಪುತ್ತಾರೆ.

ಸಲಕರಣೆಗಳ ಪರಿಚಯ

ಎಲ್ಲ ಸಮೀಕ್ಷೆಗಳನ್ನೂ ಬಾಯಿಪಾಠ ಮಾಡಬೇಕಿಲ್ಲ. ಪ್ರತಿಯೊಂದರ ಆವೃತ್ತಿ (ರೇಡಿಯೋ ಅಲೆ ಸೆಕೆಂಡಿಗೆ ಕಂಪಿಸುವ ಸಲ) ಎಷ್ಟು, ಎಷ್ಟು ಸಣ್ಣ ವಿವರವನ್ನು ಬಿಡಿಸಿ ತೋರುತ್ತದೆ ಎಂಬೆರಡು ಸಂಖ್ಯೆಗಳು ನೆನಪಿನಲ್ಲಿದ್ದರೆ ಸಾಕು. ಎನ್‌ವಿಎಸ್‌ಎಸ್ 1.4 ಗಿಗಾಹರ್ಟ್ಸ್‌ನಲ್ಲಿ 45 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ವಿವರ ಕೊಡುತ್ತದೆ. ಫಸ್ಟ್ ಸಮೀಕ್ಷೆಯದು ಅದೇ ಆವೃತ್ತಿ, ಆದರೆ ಸುಮಾರು 5 ಆರ್ಕ್‌ಸೆಕೆಂಡ್. ಎರಡೂ ಅಮೆರಿಕದ ವಿಎಲ್‌ಎ ದೂರದರ್ಶಕದ್ದೇ, ಆಂಟೆನಾಗಳ ನಡುವಿನ ಅಂತರ ಮಾತ್ರ ಬೇರೆ. ಅದೇ ದೂರದರ್ಶಕದ ವಿಎಲ್‌ಎ ಸ್ಕೈ ಸರ್ವೆ 3 ಗಿಗಾಹರ್ಟ್ಸ್‌ನಲ್ಲಿ 2.5 ಆರ್ಕ್‌ಸೆಕೆಂಡಿನಷ್ಟು ಚೂಪಾಗಿದೆ. ಕಡಿಮೆ ಆವೃತ್ತಿಗೆ ಪುಣೆ ಬಳಿಯ ಜಿಎಂಆರ್‌ಟಿ ದೂರದರ್ಶಕ ನಡೆಸಿದ ಟಿಜಿಎಸ್‌ಎಸ್ ಸಮೀಕ್ಷೆ ಇದೆ: 150 ಮೆಗಾಹರ್ಟ್ಸ್, 25 ಆರ್ಕ್‌ಸೆಕೆಂಡ್. ಯುರೋಪಿನ ಲೋಫಾರ್ ಸಮೀಕ್ಷೆ 144 ಮೆಗಾಹರ್ಟ್ಸ್‌ನಲ್ಲೇ 6 ಆರ್ಕ್‌ಸೆಕೆಂಡ್ ವಿವರವನ್ನೂ ಬಹಳ ಹೆಚ್ಚಿನ ಸೂಕ್ಷ್ಮತೆಯನ್ನೂ ಕೊಡುತ್ತದೆ. ಆದರೆ ಉತ್ತರದ ಆಕಾಶಕ್ಕೆ ಮಾತ್ರ ಸೀಮಿತ.

ಬೆಳಕಿನ ಚಿತ್ರಕ್ಕೆ ಲೆಗಸಿ ಸರ್ವೆಯ ಸ್ಕೈ ವ್ಯೂವರ್ ಉತ್ತಮ. ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಲು ಸ್ಟ್ರಾಸ್‌ಬರ್ಗ್ ದತ್ತಾಂಶ ಕೇಂದ್ರದ ಅಲಾಡಿನ್ ಇದೆ, ನಾಸಾದ ಸ್ಕೈವ್ಯೂ ಇದೆ. ಕಡತವನ್ನು ಇಳಿಸಿಕೊಂಡು ಅಳತೆ ಮಾಡುವವರಿಗೆ ಡಿಎಸ್9 ತಂತ್ರಾಂಶ. ಇವೆಲ್ಲವೂ ಉಚಿತ.

ಮೊದಲ ಹೆಜ್ಜೆ: ಅದು ನಿಜವಾದ ವಿಲೀನವೇ?

ರೇಡಿಯೋ ನಕ್ಷೆಯನ್ನು ಮುಟ್ಟುವ ಮುನ್ನ ಬೆಳಕಿನ ಚಿತ್ರವನ್ನು ಸಾವಧಾನವಾಗಿ ನೋಡಿ. ಆಕಾಶದಲ್ಲಿ ಅಕ್ಕಪಕ್ಕ ಕಾಣುವ ಎರಡು ಗ್ಯಾಲಕ್ಸಿಗಳು ಕೋಟಿಗಟ್ಟಲೆ ಜ್ಯೋತಿರ್ವರ್ಷ ಹಿಂದೆ ಮುಂದೆ ಇರಬಹುದು. ವಿಲೀನದ ಗುರುತುಗಳೆಂದರೆ ಉದ್ದಕ್ಕೆ ಎಳೆದ ಬಾಲಗಳು, ಎರಡನ್ನೂ ಬೆಸೆಯುವ ಮಸುಕು ಸೇತುವೆ, ಚಿಪ್ಪಿನಂಥ ಕಮಾನುಗಳು, ತಿರುಚಿದ ತಟ್ಟೆ. ಇಂಥ ಬಾಲಗಳು ಬರಿಯ ಗುರುತ್ವದ ಸೆಳೆತದಿಂದಲೇ ಮೂಡುತ್ತವೆ ಎಂದು ಅಲಾರ್ ಟೂಮ್ರೆ ಮತ್ತು ಯೂರಿ ಟೂಮ್ರೆ ಸೋದರರು 1972ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು. ಚಿತ್ರದ ಕಾಂತಿಯನ್ನು ಹೆಚ್ಚಿಸಿ ನೋಡಿ. ಸ್ಕೈ ವ್ಯೂವರ್‌ನಲ್ಲಿ ಗ್ಯಾಲಕ್ಸಿಯ ನಯವಾದ ಬೆಳಕನ್ನು ಕಳೆದು ಉಳಿಕೆಯನ್ನಷ್ಟೇ ತೋರಿಸುವ ಪದರವೊಂದಿದೆ, ಕಮಾನುಗಳು ಅದರಲ್ಲಿ ತಟ್ಟನೆ ಕಣ್ಣಿಗೆ ಬೀಳುತ್ತವೆ.

ಆಮೇಲೆ ಕೆಂಪುಪಲ್ಲಟ, ಅಂದರೆ ದೂರ ಸರಿಯುವ ಗ್ಯಾಲಕ್ಸಿಯ ಬೆಳಕು ಕೆಂಪಿನತ್ತ ಜರುಗಿದ ಪ್ರಮಾಣ. ಎರಡೂ ಗ್ಯಾಲಕ್ಸಿಗಳ ಕೆಂಪುಪಲ್ಲಟವನ್ನು ರೋಹಿತದಿಂದ (ಬಣ್ಣಗಳಾಗಿ ಬಿಡಿಸಿದ ಬೆಳಕಿನಿಂದ) ಅಳೆದಿದ್ದರೆ ವ್ಯತ್ಯಾಸವನ್ನು ವೇಗಕ್ಕೆ ಬದಲಿಸಿ. ಒಂದು 0.0500, ಇನ್ನೊಂದು 0.0510 ಎಂದುಕೊಳ್ಳಿ. ವ್ಯತ್ಯಾಸ 0.001. ಅದನ್ನು ಬೆಳಕಿನ ವೇಗ 3,00,000 ಕಿ.ಮೀ.ಗೆ ಗುಣಿಸಿ 1.05ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 286 ಕಿ.ಮೀ. ಬರುತ್ತದೆ. ಇಷ್ಟಿದ್ದರೆ ಜೋಡಿ ಎನ್ನಲು ಅಡ್ಡಿಯಿಲ್ಲ. ಸೆಕೆಂಡಿಗೆ ಸಾವಿರ ಕಿ.ಮೀ. ದಾಟಿದರೆ, ಬಾಲ ಸೇತುವೆಗಳ ಗಟ್ಟಿ ಪುರಾವೆಯಿಲ್ಲದೆ ವಿಲೀನ ಎನ್ನಬೇಡಿ. ಬಣ್ಣದಿಂದ ಅಂದಾಜಿಸಿದ ಕೆಂಪುಪಲ್ಲಟ ಈ ಕೆಲಸಕ್ಕೆ ಬಾರದು. ಅದರಲ್ಲಿ 0.02ರಷ್ಟು ತಪ್ಪಿದ್ದರೂ ವೇಗದಲ್ಲಿ ಸೆಕೆಂಡಿಗೆ ಆರು ಸಾವಿರ ಕಿ.ಮೀ. ವ್ಯತ್ಯಾಸವಾಗುತ್ತದೆ.

ಎರಡನೆಯ ಹೆಜ್ಜೆ: ದಪ್ಪ ನಕ್ಷೆ ಮೊದಲು, ಚೂಪು ನಕ್ಷೆ ನಂತರ

ಹೊಸಬರು ನೇರವಾಗಿ ಅತಿ ಚೂಪಾದ ನಕ್ಷೆಗೆ ಹೋಗುತ್ತಾರೆ. ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಆಂಟೆನಾಗಳನ್ನು ದೂರ ದೂರ ಹರಡಿ ಮಾಡಿದ ನಕ್ಷೆ ಸಣ್ಣ ವಿವರವನ್ನು ಹಿಡಿಯುತ್ತದೆ, ಹರಡಿಕೊಂಡ ಮಸುಕು ಬೆಳಕನ್ನು ಕಳೆದುಕೊಳ್ಳುತ್ತದೆ. ಹತ್ತಿರವಿಟ್ಟು ಮಾಡಿದ ನಕ್ಷೆಯ ಗುಣ ಇದಕ್ಕೆ ತದ್ವಿರುದ್ಧ. ಆದ್ದರಿಂದ ಎನ್‌ವಿಎಸ್‌ಎಸ್‌ನಲ್ಲಿ ಒಟ್ಟು ಎಷ್ಟಿದೆ ನೋಡಿ, ಆಮೇಲೆ ಫಸ್ಟ್‌ನಲ್ಲಿ ಅದರಲ್ಲಿ ಎಷ್ಟು ಉಳಿಯಿತು ನೋಡಿ. ನಡುವಿನ ಕೊರತೆಯೇ ಹಲವು ಬಾರಿ ಹರಡಿದ ಹಾಲೆಯ ಅಥವಾ ಸೇತುವೆಯ ಮೊದಲ ಸುಳಿವು.

ಕೆಂಪುಪಲ್ಲಟ 0.05 ಇರುವಲ್ಲಿ 1 ಆರ್ಕ್‌ಸೆಕೆಂಡ್ ಎಂದರೆ ಸುಮಾರು 3,200 ಜ್ಯೋತಿರ್ವರ್ಷ. ಎನ್‌ವಿಎಸ್‌ಎಸ್‌ನ 45 ಆರ್ಕ್‌ಸೆಕೆಂಡ್ ಅಲ್ಲಿ ಒಂದೂವರೆ ಲಕ್ಷ ಜ್ಯೋತಿರ್ವರ್ಷದ ಹತ್ತಿರ ಹೋಗುತ್ತದೆ, ವಿಲೀನದ ಜೋಡಿ ಇಡಿಯಾಗಿ ಒಂದೇ ಮಚ್ಚೆಯೊಳಗೆ ಅಡಗುತ್ತದೆ. ಆ ನಕ್ಷೆಯನ್ನು ನೋಡಿ ಯಾವ ಗ್ಯಾಲಕ್ಸಿ ಎಂದು ತೀರ್ಮಾನಿಸಲು ಸಾಧ್ಯವೇ ಇಲ್ಲ.

ಮೂರನೆಯ ಹೆಜ್ಜೆ: ಕಾಂಟೂರ್ ರೇಖೆಗಳನ್ನು ಓದುವುದು

ಬೆಟ್ಟದ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಂತೆ ರೇಡಿಯೋ ಕಾಂಟೂರ್ ಒಂದೇ ಪ್ರಖರತೆಯ ಬಿಂದುಗಳನ್ನು ಸೇರಿಸುತ್ತದೆ. ಮೊದಲ ಗೆರೆಯನ್ನು ಎಲ್ಲಿಂದ ಆರಂಭಿಸುತ್ತೀರಿ ಎಂಬುದೇ ಮುಖ್ಯ. ನಕ್ಷೆಯ ಖಾಲಿ ಜಾಗದಲ್ಲಿ ಹಿನ್ನೆಲೆಯ ಗದ್ದಲವನ್ನು ಅಳೆಯಿರಿ. ಎನ್‌ವಿಎಸ್‌ಎಸ್‌ನಲ್ಲಿ ಅದು ಸುಮಾರು 0.45 ಮಿಲಿಜಾನ್ಸ್ಕಿ (ರೇಡಿಯೋ ಪ್ರಖರತೆಯ ಅಳತೆ), ಫಸ್ಟ್‌ನಲ್ಲಿ 0.15. ಮೊದಲ ಗೆರೆ ಗದ್ದಲದ ಮೂರು ಪಟ್ಟಿನಲ್ಲಿರಲಿ, ನಂತರದ್ದು ಪ್ರತಿ ಸಲ ಇಮ್ಮಡಿಯಾಗಲಿ. ಅಷ್ಟೇ ಋಣಮೌಲ್ಯದ ಗೆರೆಯನ್ನೂ ಚುಕ್ಕಿಗೆರೆಯಾಗಿ ಎಳೆಯಿರಿ. ಋಣಗೆರೆಗಳು ನಿಮ್ಮ ಆಕರದ ಸುತ್ತ ಗುಂಪುಗೂಡಿದ್ದರೆ ಅಲ್ಲಿನ ಧನಗೆರೆಗಳನ್ನೂ ನಂಬುವಂತಿಲ್ಲ. ಮೂರು ಪಟ್ಟಿನ ಗೆರೆ ಆಕಾರ ತೋರಿಸಲು ಮಾತ್ರ. ಅಲ್ಲೊಂದು ಪ್ರತ್ಯೇಕ ಆಕರವಿದೆ ಎಂದು ಹೇಳಬೇಕಾದರೆ ಐದು ಪಟ್ಟು ಇರಬೇಕು.

ವಿಎಲ್‌ಎ ಆಂಟೆನಾಗಳು ಮೂರು ತೋಳುಗಳಲ್ಲಿ ನಿಂತಿವೆ. ಹಾಗಾಗಿ ಪ್ರಖರ ಆಕರದ ಸುತ್ತ ಆರು ದಿಕ್ಕಿಗೆ ಹೊರಡುವ ಸುಳ್ಳು ಗೆರೆಗಳು ಉಳಿದುಬಿಡಬಹುದು. ಅದನ್ನು ಜೆಟ್ ಎಂದುಕೊಳ್ಳುವುದು ಬಹಳ ಸುಲಭ. ಪಕ್ಕದ ಇನ್ನೊಂದು ಪ್ರಖರ ಆಕರವನ್ನು ನೋಡಿ. ಅಲ್ಲಿಯೂ ಅದೇ ಕೋನದಲ್ಲಿ ಗೆರೆಗಳಿದ್ದರೆ ಅವು ಆಕಾಶದ್ದಲ್ಲ, ದೂರದರ್ಶಕದ್ದು. ಬೇರೆ ದೂರದರ್ಶಕದ ನಕ್ಷೆಯಲ್ಲಿಯೂ ಕಾಣಿಸಿದ ರಚನೆಯನ್ನು ಮಾತ್ರ ರಚನೆ ಎಂದು ಕರೆಯಿರಿ.

ನಾಲ್ಕನೆಯ ಹೆಜ್ಜೆ: ಎರಡರಲ್ಲಿ ಯಾವುದು?

ಫಸ್ಟ್ ಅಥವಾ ಸ್ಕೈ ಸರ್ವೆಯ ಶಿಖರಬಿಂದುವಿನ ಸ್ಥಾನವನ್ನು ಬರೆದುಕೊಳ್ಳಿ, ಎರಡೂ ಗ್ಯಾಲಕ್ಸಿಗಳ ನಡುಬಿಂದುವಿನಿಂದ ಅಂತರ ಅಳೆಯಿರಿ. ಫಸ್ಟ್‌ನ ಸ್ಥಾನ ಸಾಮಾನ್ಯವಾಗಿ 1 ಆರ್ಕ್‌ಸೆಕೆಂಡಿನೊಳಗೆ ನಿಖರ. ಎನ್‌ವಿಎಸ್‌ಎಸ್‌ನ ಮಂಕು ಆಕರಗಳಲ್ಲಿ 7 ಆರ್ಕ್‌ಸೆಕೆಂಡಿನಷ್ಟು ಅನಿಶ್ಚಿತತೆ ಇರುತ್ತದೆ. ಶಿಖರ ಯಾವುದಾದರೂ ನಡುಬಿಂದುವಿನ ಮೇಲೆ ಕೂತರೆ ಉತ್ತರ ಸಿಕ್ಕಿತು. ಎರಡರ ಮಧ್ಯೆ ಬಿದ್ದರೆ ಸೇತುವೆ, ಜೆಟ್‌ನ ತುದಿ, ಬೆರೆತುಹೋದ ಎರಡು ಆಕರಗಳು, ಹಿನ್ನೆಲೆಯ ಗ್ಯಾಲಕ್ಸಿ, ಈ ನಾಲ್ಕೂ ಸಾಧ್ಯತೆಗಳನ್ನು ಬರೆದುಕೊಂಡು ಒಂದೊಂದಾಗಿ ಕೈಬಿಡುತ್ತಾ ಹೋಗಿ.

ಹಿನ್ನೆಲೆಯ ಗ್ಯಾಲಕ್ಸಿಯ ಸಾಧ್ಯತೆಯನ್ನು ಲೆಕ್ಕ ಹಾಕಬಹುದು. ಫಸ್ಟ್‌ನಲ್ಲಿ ಪ್ರತಿ ಚದರ ಡಿಗ್ರಿಗೆ ಸುಮಾರು 90 ಆಕರಗಳಿವೆ. ನೀವು ಆರಿಸಿಕೊಂಡ ಗ್ಯಾಲಕ್ಸಿಯಿಂದ 5 ಆರ್ಕ್‌ಸೆಕೆಂಡಿನೊಳಗೆ ಸಂಬಂಧವಿಲ್ಲದ ಆಕರ ಬೀಳುವ ಸಂಭವ ಎರಡು ಸಾವಿರಕ್ಕೆ ಒಂದು. ಅದೇ 20 ಆರ್ಕ್‌ಸೆಕೆಂಡಿನ ವೃತ್ತ ತೆಗೆದುಕೊಂಡರೆ ಸುಮಾರು ನೂರಿಪ್ಪತ್ತಕ್ಕೆ ಒಂದು. ನೂರಾರು ಜೋಡಿಗಳನ್ನು ನೋಡುವವರಿಗೆ ಇಂಥ ಕಾಕತಾಳೀಯ ಎದುರಾಗಿಯೇ ಆಗುತ್ತದೆ.

ಐದನೆಯ ಹೆಜ್ಜೆ: ರೋಹಿತ ಸೂಚ್ಯಂಕ

ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಸಾರ್ಥಕ. ಆವೃತ್ತಿ ಬದಲಾದಂತೆ ಪ್ರಖರತೆ ಎಷ್ಟು ಕಡಿದಾಗಿ ಇಳಿಯುತ್ತದೆ ಎಂಬುದೇ ರೋಹಿತ ಸೂಚ್ಯಂಕ. ಎರಡು ಪ್ರಖರತೆಗಳ ಅನುಪಾತದ ಲಾಗರಿದಮ್ ಅನ್ನು ಎರಡು ಆವೃತ್ತಿಗಳ ಅನುಪಾತದ ಲಾಗರಿದಮ್‌ನಿಂದ ಭಾಗಿಸಿದರೆ ಬರುತ್ತದೆ. ಸಾಮಾನ್ಯ ಸಿಂಕ್ರೊಟ್ರಾನ್ ಆಕರಕ್ಕೆ ಅದು −0.7ರ ಆಸುಪಾಸು. ಕಪ್ಪುಕುಳಿಯ ಬುಡದ ತಿರುಳಿನಲ್ಲಿ ಸೊನ್ನೆಯ ಹತ್ತಿರ. ಎಲೆಕ್ಟ್ರಾನುಗಳು ಶಕ್ತಿ ಕಳೆದುಕೊಂಡ ಹಳೆಯ ಹಾಲೆಗಳಲ್ಲಿ −1ಕ್ಕಿಂತ ಕಡಿದು.

ವಿವರಣೆಗೆಂದು ಕಲ್ಪಿಸಿಕೊಂಡ ಒಂದು ಜೋಡಿಯನ್ನು ತೆಗೆದುಕೊಳ್ಳೋಣ. ಎನ್‌ವಿಎಸ್‌ಎಸ್‌ನಲ್ಲಿ ಒಟ್ಟು 40 ಮಿಲಿಜಾನ್ಸ್ಕಿ, ಟಿಜಿಎಸ್‌ಎಸ್‌ನಲ್ಲಿ 190. ಅನುಪಾತ 4.75, ಸೂಚ್ಯಂಕ −0.7. ಇಲ್ಲಿಗೆ ನಿಲ್ಲಿಸಿದವರು ಇದು ತೀರಾ ಸಾಮಾನ್ಯ ಆಕರ ಎಂದು ಮುಂದೆ ಹೋಗುತ್ತಾರೆ. ಆದರೆ ಫಸ್ಟ್ ನಕ್ಷೆಯಲ್ಲಿ ಪೂರ್ವದ ಗ್ಯಾಲಕ್ಸಿಯ ನಡುಬಿಂದುವಿನ ಮೇಲೆ 25 ಮಿಲಿಜಾನ್ಸ್ಕಿಯ ಚುಕ್ಕೆಯಿದೆ, 3 ಗಿಗಾಹರ್ಟ್ಸ್‌ನಲ್ಲಿ ಅದೇ ಚುಕ್ಕೆ 24 ಇದೆ ಎಂದುಕೊಳ್ಳಿ. ಆ ಚುಕ್ಕೆಯ ಸೂಚ್ಯಂಕ ಸೊನ್ನೆಗೆ ಹತ್ತಿರ, ಅದು ಕಪ್ಪುಕುಳಿಯ ತಿರುಳು. ಈಗ 1.4 ಗಿಗಾಹರ್ಟ್ಸ್‌ನಲ್ಲಿ ಉಳಿದದ್ದು 15. ತಿರುಳು ಕಡಿಮೆ ಆವೃತ್ತಿಯಲ್ಲಿಯೂ 25 ಇದ್ದಿದ್ದರೆ 150 ಮೆಗಾಹರ್ಟ್ಸ್‌ನಲ್ಲಿ ಉಳಿದದ್ದು 165. ಅನುಪಾತ 11, ಸೂಚ್ಯಂಕ ಸುಮಾರು −1.1. ಅಂದರೆ ಸಾಮಾನ್ಯವೆಂದು ಕಂಡ ಸಂಖ್ಯೆಯೊಳಗೆ ಈಗಲೂ ಉರಿಯುತ್ತಿರುವ ತಿರುಳೊಂದು, ಅದರ ಸುತ್ತ ಎಲ್ಲೋ ಹರಡಿರುವ ಹಳೆಯ ಪ್ಲಾಸ್ಮಾ (ವಿದ್ಯುದಾವೇಶದ ಕಣಗಳ ಅನಿಲ) ಒಂದು, ಎರಡೂ ಅಡಗಿವೆ. ಆ ಪ್ಲಾಸ್ಮಾ ಪಶ್ಚಿಮದ ಗ್ಯಾಲಕ್ಸಿಯತ್ತ ಬಾಗಿದೆಯೇ ಎಂದು ಲೋಫಾರ್ ನಕ್ಷೆಯಲ್ಲಿ ಹುಡುಕಬೇಕಾದದ್ದು ಈಗ. ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಘಟ್ಟ ಇದೇ. ಸರಳ ಕಳೆಯುವ ಲೆಕ್ಕವೊಂದು ಎಲ್ಲಿ ನೋಡಬೇಕೆಂದು ತೋರಿಸುತ್ತದೆ.

ಎಚ್ಚರಿಕೆಗಳೂ ಇವೆ. ಬಹಳ ಬೇರೆ ಬೇರೆ ವಿವರಮಟ್ಟದ ನಕ್ಷೆಗಳನ್ನು ಹೋಲಿಸಬೇಡಿ. ಟಿಜಿಎಸ್‌ಎಸ್‌ನ ಒಟ್ಟನ್ನು ಫಸ್ಟ್‌ನ ಚುಕ್ಕೆಯ ಜೊತೆ ಹೋಲಿಸಿದರೆ ಸೂಚ್ಯಂಕ ಸುಳ್ಳಾಗಿ ಕಡಿದಾಗುತ್ತದೆ. ಸ್ಕೈ ಸರ್ವೆಯ ತ್ವರಿತ ನಕ್ಷೆಗಳಲ್ಲಿ ಪ್ರಖರತೆ ಸ್ವಲ್ಪ ಕಡಿಮೆಯೇ ದಾಖಲಾಗಿದೆ, ಶೇ 10ರಷ್ಟು ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ. ಫಸ್ಟ್ ವೀಕ್ಷಣೆ 1993ರಲ್ಲಿ ಆರಂಭವಾಯಿತು, ಸ್ಕೈ ಸರ್ವೆ 2017ರಲ್ಲಿ. ಇಷ್ಟು ಕಾಲದಲ್ಲಿ ಕಪ್ಪುಕುಳಿಯ ತಿರುಳೇ ಏರಿಳಿದಿರಬಹುದು. ಟಿಜಿಎಸ್‌ಎಸ್‌ನಲ್ಲಿ ಆಕರ ಕಾಣದಿದ್ದರೆ ಅದೂ ಮಾಹಿತಿಯೇ. ಆ ಪಟ್ಟಿಯ ಮಿತಿ ಸುಮಾರು 25 ಮಿಲಿಜಾನ್ಸ್ಕಿ, ಹಾಗಾಗಿ ಸೂಚ್ಯಂಕ ಇದಕ್ಕಿಂತ ಕಡಿದಾಗಿರಲಾರದು ಎಂಬ ಮಿತಿಯನ್ನು ಬರೆಯಬಹುದು.

ಆರನೆಯ ಹೆಜ್ಜೆ: ನಕ್ಷತ್ರಗಳೋ, ಕಪ್ಪುಕುಳಿಯೋ?

ಹಾಲೆಗಳು ಗ್ಯಾಲಕ್ಸಿಯ ಆಚೆಗೂ ಚಾಚಿದ್ದರೆ ಪ್ರಶ್ನೆಯೇ ಇಲ್ಲ, ಅದು ಕಪ್ಪುಕುಳಿ. ರೇಡಿಯೋ ಬೆಳಕು ತಟ್ಟೆಯ ನೀಲಿ ಪ್ರದೇಶಗಳನ್ನೇ ಹಿಂಬಾಲಿಸಿದರೆ ನಕ್ಷತ್ರಗಳ ಹುಟ್ಟು. ಚುಕ್ಕೆಯಷ್ಟೇ ಇದ್ದಾಗ ಅವಕೆಂಪು ಸಮೀಕ್ಷೆಯಾದ ವೈಸ್‌ನ ನೆರವು ಪಡೆಯಿರಿ. 3.4 ಮತ್ತು 4.6 ಮೈಕ್ರಾನ್‌ಗಳ ಕಾಂತಿಮಾನಗಳ (ಖಗೋಳವಿಜ್ಞಾನದ ಹೊಳಪಿನ ಅಳತೆ) ವ್ಯತ್ಯಾಸ 0.8ಕ್ಕಿಂತ ಹೆಚ್ಚಿದ್ದರೆ ಬಿಸಿ ದೂಳು ಸುತ್ತುವರಿದ ಸಕ್ರಿಯ ಕಪ್ಪುಕುಳಿಯ ಸಂಭವ ಹೆಚ್ಚು. ಕಡಿಮೆಯಿದ್ದರೆ ಇಲ್ಲವೆಂದಲ್ಲ, ದೊಡ್ಡ ಹಾಲೆಗಳಿರುವ ಎಷ್ಟೋ ಅಂಡಾಕಾರದ ಗ್ಯಾಲಕ್ಸಿಗಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. 22 ಮೈಕ್ರಾನ್‌ನಲ್ಲಿ ವೈಸ್‌ನ ವಿವರ 12 ಆರ್ಕ್‌ಸೆಕೆಂಡ್ ಮಾತ್ರ. ಒತ್ತೊತ್ತಾಗಿರುವ ಜೋಡಿಯಲ್ಲಿ ಆ ಸಂಖ್ಯೆ ಎರಡರ ಮೊತ್ತ.

ರೇಡಿಯೋ ಶಕ್ತಿಯ ಮೊತ್ತದಿಂದಲೂ ಅಂದಾಜಿಸಬಹುದು. 1.4 ಗಿಗಾಹರ್ಟ್ಸ್‌ನಲ್ಲಿ ಪ್ರತಿ ಹರ್ಟ್ಸ್‌ಗೆ 10ರ 24ನೇ ಘಾತ ವ್ಯಾಟ್ ದಾಟಿದರೆ ಬಹುಮಟ್ಟಿಗೆ ಕಪ್ಪುಕುಳಿಯೇ. 10ರ 23ನೇ ಘಾತದ ಸುತ್ತಮುತ್ತ ಗೊಂದಲದ ವಲಯ. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ 220 ಇದೇ ವಲಯದಲ್ಲಿದೆ. ಅದರ ಎರಡು ನಡುಬಿಂದುಗಳ ಅಂತರ ಕೇವಲ 1 ಆರ್ಕ್‌ಸೆಕೆಂಡ್, ಅಲ್ಲಿನ ರೇಡಿಯೋ ಬೆಳಕಿನ ಬಹುಪಾಲು ನಕ್ಷತ್ರಗಳ ಭರಾಟೆಯಿಂದ ಬಂದದ್ದು. ಖಂಡಗಳಾಚೆ ಹರಡಿದ ದೂರದರ್ಶಕಗಳನ್ನು ಜೋಡಿಸಿ ನೋಡಿದಾಗ ಅಲ್ಲಿ ಒಂದೊಂದೇ ಸೂಪರ್‌ನೋವಾ ಬಿಡಿಬಿಡಿಯಾಗಿ ಕಾಣಿಸಿವೆ. ಸಮೀಕ್ಷೆಯ ನಕ್ಷೆಗಳಲ್ಲಿ ಇಂಥ ಜೋಡಿ ಒಂದೇ ಚುಕ್ಕೆ. ಅಂಥ ಕಡೆ ಯಾವ ನಡುಬಿಂದು ಎಂದು ಹೇಳಲಾಗದು ಎಂಬುದೇ ಸರಿಯಾದ ಉತ್ತರ.

ಏಳನೆಯ ಹೆಜ್ಜೆ: ಮೊದಲೇ ಯಾರಾದರೂ ಕಂಡಿದ್ದಾರೆಯೇ?

ನೆಡ್ ಮತ್ತು ಸಿಂಬಾಡ್ ಎಂಬ ಆಕಾಶಕಾಯಗಳ ದತ್ತಾಂಶ ಕೋಶಗಳಲ್ಲಿ ಹೆಸರಿನಿಂದಲ್ಲ, ನಿರ್ದೇಶಾಂಕದಿಂದ ಹುಡುಕಿ. ಒಂದೇ ಗ್ಯಾಲಕ್ಸಿಗೆ ಹತ್ತಾರು ಹೆಸರುಗಳಿರುತ್ತವೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅದರ ಅಧ್ಯಯನ ಆಗಿದೆ ಎಂದಲ್ಲ. ಸಂಬಂಧಿಸಿದ ಪತ್ರಗಳನ್ನು ತೆರೆದು, ನಿಮ್ಮ ಜೋಡಿಯ ಬಗ್ಗೆ ಒಂದು ಸಾಲಾದರೂ ಬರೆದಿದ್ದಾರೆಯೇ ನೋಡಿ.

ಎಂಟನೆಯ ಹೆಜ್ಜೆ: ಬರೆದಿಡುವುದು ಮತ್ತು ಒಪ್ಪಿಸುವುದು

ಪ್ರತಿ ಜೋಡಿಗೂ ಟಿಪ್ಪಣಿ ಬರೆಯಿರಿ, ಏನೂ ಸಿಗದ ಜೋಡಿಗೂ. ಮೇಲಿನ ಕಲ್ಪಿತ ಜೋಡಿಯ ಟಿಪ್ಪಣಿ ಹೀಗಿರಬಹುದು: "ಎರಡೂ ಕೆಂಪುಪಲ್ಲಟ ರೋಹಿತದಿಂದ, 0.0500 ಮತ್ತು 0.0510. ಉತ್ತರಕ್ಕೆ ಒಂದು ಬಾಲ ಸ್ಪಷ್ಟ. ಫಸ್ಟ್ ಶಿಖರ ಪೂರ್ವದ ನಡುಬಿಂದುವಿನಿಂದ 0.5 ಆರ್ಕ್‌ಸೆಕೆಂಡ್. ಒಟ್ಟು ಸೂಚ್ಯಂಕ −0.7, ತಿರುಳಿನದು ಸೊನ್ನೆಯ ಹತ್ತಿರ, ಉಳಿಕೆಯದು −1.1 (ತಿರುಳು ಏರಿಳಿಯದಿದ್ದರೆ). ಹರಡಿದ ಭಾಗ ಯಾವ ಗ್ಯಾಲಕ್ಸಿಗೆ ಸೇರಿದ್ದು: ತಿಳಿಯದು. ವಿಶ್ವಾಸ: ತಿರುಳಿನ ಬಗ್ಗೆ ಹೆಚ್ಚು, ಹರಡಿದ ಭಾಗದ ಬಗ್ಗೆ ಕಡಿಮೆ." ಕಂಡದ್ದು ಮೊದಲು, ಊಹೆ ನಂತರ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ.

ಸಾಧ್ಯವಾದರೆ ಅದೇ ಜೋಡಿಯನ್ನು ಇನ್ನೊಬ್ಬ ಸ್ವಯಂಸೇವಕರು ನಿಮ್ಮ ಟಿಪ್ಪಣಿ ನೋಡದೆ ಪರಿಶೀಲಿಸಲಿ. ಇಬ್ಬರ ತೀರ್ಮಾನವೂ ಕೂಡಿಬಂದ ಮೇಲೆ ನೀವು ಸೇರಿರುವ ಯೋಜನೆಯ ವಿಜ್ಞಾನಿಗಳಿಗೆ ಕಳುಹಿಸಿ. ಹಾಗೆ ಕಳುಹಿಸುವಾಗ ಅಲಂಕರಿಸಿದ ಬಣ್ಣದ ಚಿತ್ರವೊಂದನ್ನಷ್ಟೇ ಕೊಟ್ಟರೆ ಅವರಿಗೆ ಉಪಯೋಗವಿಲ್ಲ. ನಿರ್ದೇಶಾಂಕ, ಬಳಸಿದ ಸಮೀಕ್ಷೆಗಳ ಹೆಸರು, ಕಾಂಟೂರ್ ಮಟ್ಟಗಳು ಮತ್ತು ಗದ್ದಲದ ಅಳತೆ ಜೊತೆಗಿರಲಿ. ದೊಡ್ಡ ದೂರದರ್ಶಕದ ಸಮಯಕ್ಕೆ ಅರ್ಜಿ ಹಾಕುವವರು ಮೊದಲು ಕೇಳುವುದು ಹರಡಿದ ಭಾಗ ಎಷ್ಟು ಮಂಕು, ಯಾವ ಆವೃತ್ತಿಯಲ್ಲಿ ಎಷ್ಟು ಹೊತ್ತು ನೋಡಬೇಕು ಎಂದು. ನಿಮ್ಮ ಟಿಪ್ಪಣಿಯಲ್ಲಿ ಆ ಸಂಖ್ಯೆಗಳಿದ್ದರೆ ಅವರು ಅರ್ಜಿಯನ್ನು ಅಲ್ಲಿಂದಲೇ ಬರೆಯಲು ಆರಂಭಿಸಬಹುದು.